ಇಬ್ಬರ ನಡುವೆ ಬಿದ್ದ ಚೆಂಡು

ವಾಲಿಬಾಲ್ ಪಂದ್ಯಕ್ಕೆ ಹೋದರೆ ನಾನು ಸ್ಕೋರ್ ಬೋರ್ಡಿನ ಕಡೆ ಹೆಚ್ಚು ಕಣ್ಣು ಹಾಯಿಸುವುದಿಲ್ಲ. ತಂಡಗಳಿಗೆ ಮಾನಸಿಕ ತರಬೇತಿ ಕೊಡುವುದು ನನ್ನ ವೃತ್ತಿ. ಅಂಕ ಲೆಕ್ಕ ಹಾಕಲು ಬೇರೆಯವರಿದ್ದಾರೆ. ನಾನು ಕಾಯುವುದು ಒಂದು ಗಳಿಗೆಗೆ. ಎದುರಾಳಿಯ ಸರ್ವ್ ಇಬ್ಬರ ನಡುವೆ ಬರುತ್ತದೆ, ಇಬ್ಬರೂ ಅರ್ಧ ಹೆಜ್ಜೆ ಎತ್ತಿಟ್ಟು ನಿಲ್ಲುತ್ತಾರೆ, ಚೆಂಡು ನೆಲ ಮುಟ್ಟಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ತಂಡ ಆಗಿನ್ನೂ ಎರಡು ಅಂಕ ಮುಂದಿರಬಹುದು. ಆದರೂ ಅದು ಕೈಚೆಲ್ಲಲು ಶುರುಮಾಡಿದೆ ಎಂದೇ ನನ್ನ ಲೆಕ್ಕ.

ತಂಡದ ಆಟದಲ್ಲಿ ಯಾರೂ ಎದ್ದು ನಿಂತು 'ಸೋತೆ' ಎಂದು ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಅಂಗಳವನ್ನು ಒಂದೊಂದು ಗೇಣು ಕಿರಿದು ಮಾಡಿಕೊಳ್ಳುತ್ತಾರೆ, ಅಷ್ಟೆ. ಯಾರಿಗೂ ಸೇರದ ನೆಲ ನಡುವೆ ಹಿಗ್ಗುತ್ತ ಹೋಗುತ್ತದೆ. ಚೆಂಡು ಅಲ್ಲೇ ಬೀಳುತ್ತದೆ.

ಇದರ ಬೇರು ಹಳೆಯದು. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್ಮನ್ ಜನರಿಂದ ಹಗ್ಗ ಎಳೆಸಿ, 1913ರಲ್ಲಿ ತನ್ನ ಅಳತೆಗಳನ್ನು ಪ್ರಕಟಿಸಿದ. ಗುಂಪು ದೊಡ್ಡದಾದಂತೆ ತಲಾ ಎಳೆತ ಕಡಿಮೆಯಾಗುತ್ತಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದರೆ ಹಾಗಾಗುವುದು ಸಹಜ ಎನ್ನಬಹುದು. 1974ರಲ್ಲಿ ಆ ಅನುಮಾನವೂ ತೀರಿತು. ಪ್ರಯೋಗಕ್ಕೆ ಬಂದವನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಎಳೆಯುವ ಸೋಗು ಹಾಕುವವರನ್ನು ನಿಲ್ಲಿಸಿದರು. ಅವನೊಬ್ಬನೇ ಎಳೆಯುತ್ತಿದ್ದ, ಜೊತೆಗೆ ಜನರಿದ್ದಾರೆ ಎಂದು ನಂಬಿದ್ದರಿಂದಲೇ ಅವನ ಎಳೆತ ಸಡಿಲವಾಯಿತು.

ಕೆಲವು ತರಬೇತುದಾರರು ಇಷ್ಟನ್ನೇ ಕೇಳಿಸಿಕೊಂಡು ಆಟಗಾರರನ್ನು ಸೋಮಾರಿಗಳೆಂದು ಬಯ್ಯಲು ಹೊರಡುತ್ತಾರೆ. ಅವರಿಗೆ ನಾನು ಜರ್ಮನಿಯ ಕೋಲರ್ ಕಥೆ ಹೇಳುತ್ತೇನೆ. 1920ರ ದಶಕದಲ್ಲಿ ಈತ ಬರ್ಲಿನ್ನಿನ ದೋಣಿ ಕ್ಲಬ್ಬಿನ ಯುವಕರಿಂದ ಭಾರ ಎತ್ತಿಸಿದ, ಮೊದಲು ಒಬ್ಬೊಬ್ಬರಾಗಿ, ಆಮೇಲೆ ಜೋಡಿಯಾಗಿ. ಜೋಡಿಯಲ್ಲಿ ಒಬ್ಬ ಕೈಬಿಟ್ಟರೆ ಆಟ ಇಬ್ಬರಿಗೂ ಮುಗಿದಂತೆ. ಆಗ ಬಲ ಕಡಿಮೆಯಿದ್ದವನು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಾಳಿಕೊಂಡ. ಜೊತೆಗಾರ ತನಗಿಂತ ಸ್ವಲ್ಪ ಗಟ್ಟಿಗನಾಗಿದ್ದಾಗ ಈ ತಾಳಿಕೆ ಎದ್ದು ಕಂಡಿತು; ಅಂತರ ತೀರಾ ದೊಡ್ಡದಾದಾಗ ಕುಂದಿತು. ಅಂದರೆ ಗುಂಪು ನಮ್ಮನ್ನು ಸಡಿಲವೂ ಮಾಡುತ್ತದೆ, ಬಿಗಿಯೂ ಮಾಡುತ್ತದೆ. ನಾನು ಬಿಟ್ಟರೆ ಇವನ ಕೈಯಿಂದಲೂ ಜಾರುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿದೆಯೇ, ಇಲ್ಲವೇ? ನನ್ನ ಕೆಲಸವೆಲ್ಲ ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಕೆಲವು ವರ್ಷಗಳ ಹಿಂದೆ ಮಹಿಳೆಯರ ಒಂದು ವಾಲಿಬಾಲ್ ತಂಡದ ಜೊತೆಗಿದ್ದೆ. ಮೂರನೇ ಸೆಟ್‌ನಲ್ಲಿ 17-12ರ ಮುನ್ನಡೆ. ಅಲ್ಲಿಂದ ಸತತ ಏಳು ಅಂಕ ಹೋದವು. ಅದರಲ್ಲಿ ಮೊದಲನೆಯದು ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಚೆಂಡು ಕಾಯುವ ಆಟಗಾರ್ತಿಯ ಮುಂಗೈಯಿಂದ ಚಿಮ್ಮಿ ಪ್ರೇಕ್ಷಕರ ಕಡೆ ಹಾರಿದ ಚೆಂಡು. ಆಕೆ ಬಗ್ಗಿ, ಸರಿಯಾಗಿಯೇ ಇದ್ದ ಮಂಡಿಪಟ್ಟಿಯನ್ನು ಸರಿಪಡಿಸಿಕೊಂಡಳು. ದಾಳಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಒಣಗಿದ ನೆಲವನ್ನು ಶೂವಿನಿಂದ ಒರೆಸಿದಳು. ನಾಯಕಿ ಬೆಂಚಿನ ಕಡೆ ನೋಡಿದಳು. ಆರು ಜನ, ಆರು ದಿಕ್ಕು. ಟೈಮ್ ಔಟ್‌ನಲ್ಲಿ ಸಿಗುವುದೇ 30 ಸೆಕೆಂಡ್. ತರಬೇತುದಾರರು ಅದರಲ್ಲಿ 25ನ್ನು ಏನು ತಪ್ಪಾಯಿತು ಎಂದು ವಿವರಿಸಲು ಕಳೆದರು. ಏನು ತಪ್ಪಾಯಿತು ಎಂಬುದು ಅಷ್ಟು ಹೊತ್ತಿಗೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ಆ ಸೆಟ್‌ನ ವಿಡಿಯೊದಿಂದ ಆಟವನ್ನೆಲ್ಲ ಕತ್ತರಿಸಿ ತೆಗೆದು, ಅಂಕ ಮುಗಿದು ಮುಂದಿನ ಸರ್ವ್ ಬರುವವರೆಗಿನ ತುಣುಕುಗಳನ್ನಷ್ಟೇ ತೋರಿಸಿದೆ. ಸದ್ದಿಲ್ಲದೆ. ಲಿಬೆರೊ ಬಹಳ ಹೊತ್ತಿನ ಮೇಲೆ, "ನನ್ನ ಹತ್ತಿರ ಯಾರೂ ಬರಲೇ ಇಲ್ಲ" ಎಂದಳು. ಸೆಟ್ಟರ್‌ಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀನು ತಲೆ ಬಗ್ಗಿಸಿದ್ದೆ. ಮಾತನಾಡಿಸಬಾರದು ಎಂದುಕೊಂಡೆ" ಎಂದಳು.

ಇಬ್ಬರೂ ಒಬ್ಬರ ಮೇಲೊಬ್ಬರು ಕಾಳಜಿಯಿಂದಲೇ ದೂರ ನಿಂತಿದ್ದರು. ಇದನ್ನು ನಾನು ಎಷ್ಟೋ ತಂಡಗಳಲ್ಲಿ ನೋಡಿದ್ದೇನೆ. ಜಗಳಕ್ಕಿಂತ ಈ ಮರ್ಯಾದೆಯೇ ತಂಡವನ್ನು ಬೇಗ ಒಡೆಯುತ್ತದೆ.

ಅಲ್ಲಿಂದ ಮುಂದೆ ಎರಡೇ ಕಟ್ಟಳೆ ಮಾಡಿಕೊಂಡೆವು. ಅಂಕ ಯಾರಿಗೇ ಹೋಗಲಿ, ಆರೂ ಜನ ಅಂಗಳದ ನಡುವೆ ಸೇರಿ ಕೈ ತಟ್ಟಬೇಕು. ತಪ್ಪು ಮಾಡಿದವಳೇ ಮುಂದಿನ ಮಾತು ಆಡಬೇಕು. ಆ ಮಾತು ಕ್ಷಮೆಯಾಗಿರಬಾರದು, ಮುಂದಿನ ಚೆಂಡಿನ ಬಗ್ಗೆ ಇರಬೇಕು. ಮೊದಲ ವಾರ ನಾಟಕದಂತಿದೆ ಎಂದು ನಕ್ಕರು. ನಾಟಕವೇ ಹೌದು, ಆದರೆ ಆಟಕ್ಕೆ ಮುಂಚಿನ ವ್ಯಾಯಾಮವೂ ಒಂದು ನಾಟಕವೇ ಎಂದೆ. ಕೈ ತಟ್ಟುವುದು ನನ್ನ ಹುಚ್ಚಲ್ಲ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಋತುವಿನ ಆರಂಭದಲ್ಲಿ ಒಬ್ಬರನ್ನೊಬ್ಬರು ಹೆಚ್ಚು ಬಾರಿ ತಟ್ಟಿ, ತಬ್ಬಿದ ತಂಡಗಳು ಮುಂದೆ ಉತ್ತಮವಾಗಿ ಆಡಿದ್ದು ಕಂಡುಬಂದಿತ್ತು. ತಟ್ಟಿದ್ದಕ್ಕೇ ಗೆದ್ದರು ಎಂದು ಅದು ಸಾಬೀತು ಮಾಡುವುದಿಲ್ಲ. ನನಗೆ ಬೇಕಾದದ್ದು ಬಗ್ಗಿದ ತಲೆ ಮೇಲೇಳುವುದು. ಕೈ ತಟ್ಟಬೇಕಾದರೆ ಎದುರಿನವರನ್ನು ನೋಡಲೇಬೇಕು.

ಟೋಕಿಯೊ ಒಲಿಂಪಿಕ್ಸ್ ಹಾಕಿಯ ಕಂಚಿನ ಪಂದ್ಯ ಎಂದರೆ ಎಲ್ಲರಿಗೂ ಶ್ರೀಜೇಶ್ ಕೊನೆಯಲ್ಲಿ ತಡೆದ ಪೆನಾಲ್ಟಿ ಕಾರ್ನರ್ ನೆನಪಾಗುತ್ತದೆ. ನಾನು ಆಟಗಾರರಿಗೆ ತೋರಿಸುವುದು 27ನೇ ನಿಮಿಷವನ್ನು. ಅದು 2021ರ ಆಗಸ್ಟ್ 5. ಭಾರತ ಜರ್ಮನಿಯೆದುರು 1-3ರಿಂದ ಹಿಂದಿತ್ತು. ಹರ್ಮನ್‌ಪ್ರೀತ್ ಸಿಂಗ್ ಅವರ ಡ್ರ್ಯಾಗ್ ಫ್ಲಿಕ್ ಗೋಲಾಗಲಿಲ್ಲ, ಚೆಂಡು ಮರಳಿ ಚಿಮ್ಮಿತು. ಅದರ ಮೇಲೆ ಬಿದ್ದು ಗೋಲಿಗೆ ತಳ್ಳಿದವರು ಹಾರ್ದಿಕ್ ಸಿಂಗ್. 34ನೇ ನಿಮಿಷದ ಹೊತ್ತಿಗೆ ಭಾರತ 5-3ರಿಂದ ಮುಂದಿತ್ತು, ಕೊನೆಗೆ 5-4ರಿಂದ ಗೆದ್ದಿತು. ಜೊತೆಗಾರನ ವಿಫಲ ಹೊಡೆತವನ್ನು ತನ್ನ ಸರದಿ ಎಂದು ಓದಿಕೊಳ್ಳುವ ಕಾಲು ಆ ಗೋಲಿನಲ್ಲಿದೆ.

ಛಲಕ್ಕೂ ಹಟಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ಬಾರಿ ತನ್ನನ್ನು ಕೆಡವಿದ ಎಡಮೂಲೆಗೇ ಮೂರನೇ ಬಾರಿಯೂ ನುಗ್ಗುವ ಕಬಡ್ಡಿ ರೈಡರ್‌ನದು ಹಟ. ಅವನು ಎದುರಾಳಿಗೆ ಬಹಳ ಇಷ್ಟವಾಗುತ್ತಾನೆ.

ಛಲವನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕು. 2021ರ ಜನವರಿ 11ರಂದು ಸಿಡ್ನಿಯಲ್ಲಿ ಹನುಮ ವಿಹಾರಿ ಅವರ ತೊಡೆಯ ಸ್ನಾಯುವಿಗೆ ಪೆಟ್ಟಾಗಿತ್ತು, ಅಶ್ವಿನ್ ಅವರಿಗೆ ಬೆನ್ನುನೋವು. ಇಬ್ಬರೂ ಸೇರಿ 259 ಎಸೆತ ಆಡಿ 62 ರನ್ ಮಾತ್ರ ಗಳಿಸಿ ಟೆಸ್ಟ್ ಉಳಿಸಿದರು. 259 ಎಸೆತ ಆಡಬೇಕು ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅರ್ಧ ಜೀವ ಅಲ್ಲೇ ಹೋಗುತ್ತಿತ್ತು. ಒಂದು ಎಸೆತವನ್ನಾದರೆ ನೋಯುವ ಬೆನ್ನಿನಲ್ಲೂ ಆಡಬಹುದು.

ಆ ಲಿಬೆರೊ ವಿಷಯಕ್ಕೆ ಬರುತ್ತೇನೆ. ಐದಾರು ತಿಂಗಳ ಮೇಲೆ, 20-20ರಲ್ಲಿ ಮತ್ತೆ ಅವಳ ಮುಂಗೈಯಿಂದ ಚೆಂಡು ಪ್ರೇಕ್ಷಕರ ಕಡೆ ಹಾರಿತು. ಅದನ್ನು ಹುಡುಕಿ ತರುವ ಮೊದಲೇ ಅವಳು ಅಂಗಳದ ನಡುವೆ ನಿಂತು, "ನಡುವಿನದು ನನ್ನದು" ಎಂದು ಕೂಗಿದಳು. ಆ ಸೆಟ್ 23-25ರಲ್ಲಿ ಕೈಬಿಟ್ಟಿತು. ಇಬ್ಬರ ನಡುವೆ ಮಾತ್ರ ಒಂದು ಚೆಂಡೂ ಬೀಳಲಿಲ್ಲ.