‘ಸುನಿಯೇ’ಯಿಂದ ‘ಮಾಫ್ ಕೀಜಿಯೇಗಾ’ದವರೆಗೆ: ಹಿಂದಿ ಕಲಿಯುವ ಕನ್ನಡಿಗರಿಗೆ ಒಂದು ಟಿಪ್ಪಣಿ

ಗುರುತಿಲ್ಲದವರನ್ನು ಮರ್ಯಾದೆಯಿಂದ ಕರೆಯುವುದು, ತಪ್ಪಾದಾಗ ಕ್ಷಮೆ ಕೇಳುವುದು: ಹಿಂದಿಯಲ್ಲಿ ಈ ಎರಡನ್ನು ಕಲಿಯುವಾಗ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನ ಮೂಲಕ ಹೋಗುತ್ತೇವೆ. ‘ಎಕ್ಸ್‌ಕ್ಯೂಸ್ ಮಿ’ಗೆ ಏನೆನ್ನಬೇಕು, ‘ಸಾರಿ’ಗೆ ಏನೆನ್ನಬೇಕು ಎಂದು ಹುಡುಕುತ್ತೇವೆ. ಅದು ಸುತ್ತುಬಳಸಿನ ದಾರಿ. ಕನ್ನಡದಿಂದ ನೇರವಾಗಿ ಹೊರಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮೊದಲೇ ಮುಗಿದಿರುತ್ತದೆ. ಕೆಲವು ಕಡೆ ಮಾತ್ರ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ದೆಹಲಿಯಲ್ಲಿ ಕೆಲಸ ಮಾಡುತ್ತಾ ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ‘ಆಪ್’, ‘ತುಮ್’, ‘ತೂ’ಗಳ ವ್ಯತ್ಯಾಸ ಗೊತ್ತಿದೆ ಎಂದುಕೊಂಡು ಮುಂದುವರಿಯುತ್ತೇನೆ. ಗುರುತಿಲ್ಲದವರಿಗೆ ‘ಆಪ್’ ಎಂದರೆ ಎಲ್ಲಿಯೂ ತಪ್ಪಾಗುವುದಿಲ್ಲ.

ಗಮನ ಸೆಳೆಯಲು

‘ಸುನಿಯೇ’ ಎಂಬುದು ನಮ್ಮ ‘ಕೇಳಿ’. ಅಷ್ಟೇ ಸಾಕು. ಇನ್ನೂ ಮೆತ್ತಗೆ ಬೇಕೆಂದರೆ ‘ಜರಾ ಸುನಿಯೇ’. ‘ಸ್ವಲ್ಪ ಇಲ್ಲಿ ನೋಡಿ’, ‘ಸ್ವಲ್ಪ ಜಾಗ ಬಿಡಿ’ ಎನ್ನುವಾಗ ನಾವು ‘ಸ್ವಲ್ಪ’ವನ್ನು ಅಳತೆಗಾಗಿ ಹೇಳುವುದಿಲ್ಲ, ಮಾತಿನ ಒರಟುತನ ಕಳೆಯಲು ಹೇಳುತ್ತೇವೆ. ‘ಜರಾ’ ಮಾಡುವುದೂ ಅದನ್ನೇ: ‘ಜರಾ ಇಧರ್ ದೇಖಿಯೇ’, ‘ಜರಾ ಹಟಿಯೇ’.

ಶಾಲೆಯಲ್ಲಿ ಕಲಿತ ‘ಕೃಪಯಾ’ ನಿಲ್ದಾಣದ ಧ್ವನಿವರ್ಧಕಕ್ಕೆ ಸೇರಿದ್ದು: ‘ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ’. ಎದುರಿಗೆ ನಿಂತವರೊಡನೆ ಅದನ್ನು ಬಳಸಿದರೆ ಪ್ರಕಟಣೆ ಓದಿದ ಹಾಗೆ ಕೇಳಿಸುತ್ತದೆ. ‘ಇಯೇ’ ಎಂಬ ಕೊನೆಯಲ್ಲೇ ‘ದಯವಿಟ್ಟು’ ಇದೆ, ನಮ್ಮ ‘ಬನ್ನಿ’, ‘ಕೊಡಿ’ಗಳ ಕೊನೆಯಲ್ಲಿ ಇರುವಂತೆ. ‘ಕರನಾ’, ‘ದೇನಾ’, ‘ಲೇನಾ’, ‘ಪೀನಾ’ ಈ ನಾಲ್ಕು ಮಾತ್ರ ‘ಕೀಜಿಯೇ’, ‘ದೀಜಿಯೇ’, ‘ಲೀಜಿಯೇ’, ‘ಪೀಜಿಯೇ’ ಆಗುತ್ತವೆ, ಬಾಯಿಪಾಠ ಮಾಡಿ.

ಕನ್ನಡದ ‘ಕೇಳು’ ಇಲ್ಲಿ ಒಂದು ತೊಡಕು. ನಮಗೆ ಕಿವಿಯಿಂದ ಕೇಳುವುದೂ ಪ್ರಶ್ನೆ ಕೇಳುವುದೂ ಒಂದೇ ಕ್ರಿಯಾಪದ. ಹಿಂದಿಯಲ್ಲಿ ಮೊದಲನೆಯದು ‘ಸುನನಾ’, ಎರಡನೆಯದು ‘ಪೂಛನಾ’. ‘ಒಂದು ಮಾತು ಕೇಳಲೇ?’ ಎನ್ನಲು ‘ಏಕ್ ಬಾತ್ ಪೂಛೂಂ?’ ಎನ್ನಬೇಕು. ಈ ‘ಪೂಛೂಂ’ ರೂಪ ನನಗೆ ಬಹಳ ಇಷ್ಟ, ಏಕೆಂದರೆ ಹೇಳುವವರು ಗಂಡಾದರೂ ಹೆಣ್ಣಾದರೂ ಅದು ಬದಲಾಗುವುದಿಲ್ಲ. ಇದರ ಬೆಲೆ ಮುಂದೆ ತಿಳಿಯುತ್ತದೆ.

‘ಸುನಿಯೇ’ಗೆ ಮೊದಲು ಒಂದು ಸಂಬೋಧನೆ ಇದ್ದರೆ ಯಾರನ್ನು ಕರೆಯುತ್ತಿದ್ದೀರಿ ಎಂಬುದು ಸ್ಪಷ್ಟ. ದೆಹಲಿಯಲ್ಲಿ ಆಟೋದವರಿಗೆ, ಅಂಗಡಿಯವರಿಗೆ ‘ಭೈಯಾ’. ವಯಸ್ಸಿನಲ್ಲೋ ಹುದ್ದೆಯಲ್ಲೋ ಹಿರಿಯರಾದವರಿಗೆ ‘ಭಾಯಿ ಸಾಹಬ್’, ಆಡುಮಾತಿನಲ್ಲಿ ‘ಭಾಯ್ ಸಾಬ್’. ಮುಂಬೈಯಲ್ಲಿ ‘ಭೈಯಾ’ವನ್ನು ಎಚ್ಚರದಿಂದ ಬಳಸಿ. ಅಲ್ಲಿ ಅದು ಉತ್ತರ ಪ್ರದೇಶ, ಬಿಹಾರದಿಂದ ಬಂದವರನ್ನು ಹೀಗಳೆಯುವ ಮಾತಾಗಿಯೂ ಬಳಕೆಯಾಗಿದೆ. ಹೆಂಗಸರಿಗೆ ‘ಬಹನ್ ಜೀ’ ಎಂದು ಪಾಠಗಳು ಕಲಿಸುತ್ತವೆ, ಆದರೆ ನಗರದ ಯುವತಿಯರಿಗೆ ಅದು ‘ಹಳೆಯ ಕಾಲದವಳು’ ಎಂದಂತೆ ಕೇಳಿಸಬಹುದು. ‘ಮೇಡಂ’ ಅಥವಾ ‘ದೀದೀ’ ವಾಸಿ. ತೀರ ವಯಸ್ಸಾದವರಿಗೆ ‘ಮಾತಾ ಜೀ’, ‘ಬಾಬೂ ಜೀ’. ಸಂಶಯವಿದ್ದರೆ ಸಂಬೋಧನೆಯನ್ನೇ ಬಿಟ್ಟು ‘ಜೀ, ಸುನಿಯೇ’ ಎನ್ನಿ. ‘ಅಜೀ, ಸುನತೇ ಹೋ?’ ಎಂಬುದು ಮಾತ್ರ ಹೆಂಡತಿ ಗಂಡನನ್ನು ಕರೆಯುವ ಹಳೆಯ ರೀತಿ. ‘ರೀ’ ಎಂಬುದನ್ನು ಮನೆಯಲ್ಲೂ ಬೀದಿಯಲ್ಲೂ ಬಳಸುವ ನಾವು ಇದನ್ನೂ ಹಾಗೆಯೇ ಹೊರಗೆ ಒಯ್ಯಬಾರದು.

ರಾಜೀವ್ ಚೌಕ್ ಮೆಟ್ರೊ ನಿಲ್ದಾಣ ಈ ಪಾಠಕ್ಕೆ ಒಳ್ಳೆಯ ಜಾಗ. ಹಳದಿ ಮಾರ್ಗವೂ ನೀಲಿ ಮಾರ್ಗವೂ ಅಲ್ಲಿ ಸೇರುವುದರಿಂದ ಇಳಿಯುವವರೂ ಹತ್ತುವವರೂ ಒಟ್ಟಿಗೆ ನುಗ್ಗುತ್ತಾರೆ. ಬಾಗಿಲ ಬಳಿ ನಿಂತವರನ್ನು ಸರಿಸಲು ಅಲ್ಲಿನ ಜನ ಕ್ಷಮೆ ಕೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ: ‘ಭಾಯ್ ಸಾಬ್, ಉತರೇಂಗೇ?’ ಅಂದರೆ ‘ಇಳಿಯುತ್ತೀರಾ?’ ಇಲ್ಲವೆಂದರೆ ಅವರೇ ಪಕ್ಕಕ್ಕೆ ಸರಿಯುತ್ತಾರೆ. ನಮ್ಮ ಬಸ್ಸುಗಳಲ್ಲೂ ಇದೇ ಪ್ರಶ್ನೆ ಇದೇ ಕೆಲಸ ಮಾಡುತ್ತದೆ. ಸರಿಯದಿದ್ದರೆ ‘ಜರಾ ಸೈಡ್ ದೀಜಿಯೇ’.

ಕ್ಷಮೆಯ ಮೂರು ಮೆಟ್ಟಿಲು

‘ಮಾಫ್ ಕೀಜಿಯೇ’, ‘ಮಾಫ್ ಕೀಜಿಯೇಗಾ’, ‘ಮಾಫ್ ಕರ್ ದೀಜಿಯೇ’. ಮೂರಕ್ಕೂ ಕನ್ನಡದಲ್ಲಿ ಜೋಡಿ ಇದೆ: ‘ಕ್ಷಮಿಸಿ’, ‘ಕ್ಷಮಿಸಬೇಕು’, ‘ಕ್ಷಮಿಸಿಬಿಡಿ’.

ಮೊದಲನೆಯದು ಸಾಮಾನ್ಯ. ಎರಡನೆಯದರ ‘ಗಾ’ ಭವಿಷ್ಯತ್ತಿನ ಗುರುತು. ಕೋರಿಕೆಯನ್ನು ತುಸು ದೂರಕ್ಕೆ ಸರಿಸಿ ವಿನಯ ಹೆಚ್ಚಿಸುತ್ತದೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬೇಕಾದಾಗ, ದಾರಿ ಕೇಳುವಾಗ, ಅರ್ಜಿ ಹಿಡಿದು ಕಚೇರಿಯ ಮೇಜಿನ ಮುಂದೆ ನಿಂತಾಗ ಇದು ಸರಿಯಾದ ಮಾತು: ‘ಮಾಫ್ ಕೀಜಿಯೇಗಾ, ಯಹ ಫಾರ್ಮ್ ಕಹಾಂ ಜಮಾ ಹೋಗಾ?’ ಮೂರನೆಯದರ ‘ದೀಜಿಯೇ’ ನಮ್ಮ ‘ಬಿಡಿ’ಯಂತೆ ಕೆಲಸ ಮುಗಿಸಿಬಿಡಿ ಎಂದು ಬೇಡುತ್ತದೆ. ನಿಜವಾಗಿ ಮನನೋಯಿಸಿದಾಗ ಮಾತ್ರ ಇದು. ಬಸ್ಸಿನಲ್ಲಿ ಕಾಲು ತುಳಿದದ್ದಕ್ಕೆ ‘ಕ್ಷಮಿಸಿಬಿಡಿ’ ಎಂದರೆ ಕನ್ನಡದಲ್ಲಿ ಹೇಗೆ ಅತಿಯಾಗುತ್ತದೆಯೋ ಹಿಂದಿಯಲ್ಲೂ ಹಾಗೆಯೇ. ಅಲ್ಲಿ ‘ಸಾರಿ’ ಧಾರಾಳವಾಗಿ ನಡೆಯುತ್ತದೆ. ಸ್ನೇಹಿತರಲ್ಲಿ ‘ಮಾಫ್ ಕರನಾ ಯಾರ್’ ಸಾಕು. ‘ಕ್ಷಮಾ ಕೀಜಿಯೇ’, ‘ಕ್ಷಮಾ ಕರೇಂ’ ತಪ್ಪಲ್ಲ, ಕಿವಿಗೆ ಗ್ರಾಂಥಿಕ. ಪತ್ರಕ್ಕೆ, ಭಾಷಣಕ್ಕೆ ಹೊಂದುತ್ತವೆ.

‘ಮುಝೇ’ಯೋ ‘ಮುಝಸೇ’ಯೋ

ಇಡೀ ಟಿಪ್ಪಣಿಯಲ್ಲಿ ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದು, ಆದ್ದರಿಂದ ಬಿಡಿಸಿ ಬಿಡಿಸಿ ಬರೆಯುತ್ತೇನೆ. ಈ ನಾಲ್ಕು ವಾಕ್ಯಗಳನ್ನು ನೋಡಿ.

‘ಮುಝೇ ಮಾಫ್ ಕೀಜಿಯೇ.’ ನನ್ನನ್ನು ಕ್ಷಮಿಸಿ.
‘ಮುಝೇ ದೇರ್ ಹೋ ಗಯೀ.’ ನನಗೆ ತಡವಾಯಿತು.
‘ಮುಝಸೇ ಗಲತೀ ಹೋ ಗಯೀ.’ ನನ್ನಿಂದ ತಪ್ಪಾಯಿತು.
‘ಮೈಂನೇ ಗಲತೀ ಕೀ.’ ನಾನು ತಪ್ಪು ಮಾಡಿದೆ.

ನಮಗೆ ‘ನನ್ನನ್ನು’ ಬೇರೆ, ‘ನನಗೆ’ ಬೇರೆ. ಹಿಂದಿಯಲ್ಲಿ ಇವೆರಡೂ ಕೂಡಿ ಒಂದೇ ‘ಮುಝೇ’, ಅಂದರೆ ‘ಮುಝಕೋ’. ‘ಕೋ’ ಎಂಬ ಪ್ರತ್ಯಯಕ್ಕೆ ದ್ವಿತೀಯೆಯ ಕೆಲಸವೂ ಇದೆ, ಚತುರ್ಥಿಯ ಕೆಲಸವೂ ಇದೆ. ‘ನನ್ನಿಂದ’ ಮಾತ್ರ ‘ಮುಝಸೇ’. ಹಾಗಾಗಿ ಸಂಶಯ ಬಂದಾಗ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ಇಂದ’ ಬಂದರೆ ‘ಸೇ’, ‘ಅನ್ನು’ ಅಥವಾ ‘ಗೆ’ ಬಂದರೆ ‘ಕೋ’. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ‘ಮುಝಸೇ ಗಲತೀ ಹೋ ಗಯೀ’ ಎಂಬುದನ್ನು ಪಾಠವಿಡೀ ವಿವರಿಸಬೇಕಾಗುತ್ತದೆ. ಕನ್ನಡಿಗರಿಗೆ ಅದು ಮನೆಯ ಮಾತು: ಕೆಲಸ ನನ್ನ ಕೈಯಿಂದ ನಡೆದಿದೆ, ಉದ್ದೇಶ ನನ್ನದಲ್ಲ.

ಈ ಸೂತ್ರ ಮುರಿಯುವ ಜಾಗ ಒಂದಿದೆ. ‘ನಿಮ್ಮನ್ನು ಕ್ಷಮೆ ಕೇಳುತ್ತೇನೆ’ ಎಂದು ನಾವು ಹೇಳುತ್ತೇವೆ. ಸೂತ್ರದ ಪ್ರಕಾರ ‘ಆಪಕೋ’ ಬರಬೇಕು. ಬರುವುದು ‘ಆಪಸೇ’: ‘ಮೈಂ ಆಪಸೇ ಮಾಫೀ ಮಾಂಗತೀ ಹೂಂ’. ಹಿಂದಿಯ ಕಣ್ಣಿನಲ್ಲಿ ಬೇಡುವ ವಸ್ತು ‘ಮಾಫೀ’, ಅದು ಬರಬೇಕಾದದ್ದು ನಿಮ್ಮಿಂದ. ‘ನಿಮ್ಮಿಂದ ಕ್ಷಮೆಯನ್ನು ಬೇಡುತ್ತೇನೆ’ ಎಂದು ತಿರುಗಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಇದೇ ಗುಂಪಿನಲ್ಲಿ ಇನ್ನೂ ಮೂರು ಕ್ರಿಯಾಪದಗಳಿವೆ: ‘ಆಪಸೇ ಪೂಛನಾ’, ‘ಆಪಸೇ ಕಹನಾ’, ‘ಆಪಸೇ ಮಿಲನಾ’. ಕನ್ನಡದಲ್ಲಿ ‘ನಿಮ್ಮನ್ನು ಕೇಳುವುದು’, ‘ನಿಮಗೆ ಹೇಳುವುದು’, ‘ನಿಮ್ಮನ್ನು ಭೇಟಿಯಾಗುವುದು’. ಈ ನಾಲ್ಕನ್ನು ಒಟ್ಟಿಗೆ ಕಂಠಪಾಠ ಮಾಡುವುದೇ ಉಪಾಯ. ‘ಬತಾನಾ’ ಇವುಗಳ ನೆಂಟನಂತೆ ಕಂಡರೂ ಗುಂಪಿಗೆ ಸೇರಿಲ್ಲ: ‘ಮುಝೇ ಬತಾಯಿಯೇ’, ‘ಆಪಕೋ ಬತಾನಾ ಹೈ’.

ಕಲಬುರಗಿ, ಬೀದರಿನ ಕಡೆ ದಖನಿ, ಅಂದರೆ ಅಲ್ಲಿನ ಆಡುಮಾತಿನ ಉರ್ದು, ಕೇಳಿ ಬೆಳೆದವರ ಕಿವಿಯಲ್ಲಿ ‘ಮೇರೇಕು’ ಇರುತ್ತದೆ. ಅದು ‘ಮುಝಕೋ’ ಎಂದು ತಿಳಿದುಕೊಂಡರೆ ಆಯಿತು. ‘ನೇ’ ಮಾತ್ರ ದಖನಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿ ‘ಮೈಂನೇ ಗಲತೀ ಕೀ’ಯನ್ನು ಅವರು ಹೊಸದಾಗಿಯೇ ಕಲಿಯಬೇಕು. ‘ಮೇರೇ ಸೇ ಗಲತೀ ಹೋ ಗಯೀ’ ಎಂದು ದೆಹಲಿಯವರೂ ಧಾರಾಳವಾಗಿ ಹೇಳುತ್ತಾರೆ. ಬರಹದಲ್ಲಿ ‘ಮುಝಸೇ’ ಇರಲಿ.

‘ಮುಝಸೇ ಗಲತೀ ಹೋ ಗಯೀ’ಯೋ ‘ಮೈಂನೇ ಗಲತೀ ಕೀ’ಯೋ, ಯಾವುದನ್ನು ಹೇಳಬೇಕು? ಲೋಟ ಕೈಜಾರಿದರೆ, ತಪ್ಪು ಸಂಖ್ಯೆಗೆ ಕರೆ ಹೋದರೆ ‘ಹೋ ಗಯೀ’ ಸರಿ. ಮಾಡಬಾರದ್ದನ್ನು ತಿಳಿದೂ ಮಾಡಿದ್ದಾಗ ‘ಹೋ ಗಯೀ’ಯ ಹಿಂದೆ ಅವಿತುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಕಡೆ ‘ಗಲತೀ ಮೇರೀ ಥೀ’, ತಪ್ಪು ನನ್ನದೇ, ಎಂದು ನೇರವಾಗಿ ಹೇಳುವುದೇ ಕ್ಷಮೆ.

ಲಿಂಗದ ಕಾಟಕ್ಕೆ ಒಂದು ಅಡ್ಡದಾರಿ

‘ಕೇಳುತ್ತೇನೆ’ ಎಂದು ಯಾರು ಹೇಳಿದರೂ ಕನ್ನಡದಲ್ಲಿ ರೂಪ ಒಂದೇ. ಹಿಂದಿಯಲ್ಲಿ ಗಂಡಸು ‘ಮಾಫೀ ಚಾಹತಾ ಹೂಂ’ ಎಂದರೆ ನಾನು ಹೆಂಗಸಾದ್ದರಿಂದ ‘ಚಾಹತೀ ಹೂಂ’ ಎನ್ನಬೇಕು. ಪಾಠ ಹೇಳಿಕೊಡುವವರು ಗಂಡಸಾಗಿದ್ದರೆ ವಿದ್ಯಾರ್ಥಿನಿಯರ ಬಾಯಲ್ಲಿ ‘ಚಾಹತಾ’ ಸುಲಭವಾಗಿ ಕೂತುಬಿಡುತ್ತದೆ. ಉತ್ತರ ಪ್ರದೇಶ, ಬಿಹಾರದ ಕಡೆ ಒಬ್ಬರೇ ಇದ್ದರೂ ‘ಹಮ್’ ಎನ್ನುವ ರೂಢಿ. ಅಲ್ಲಿ ಅನೇಕ ಹೆಂಗಸರೂ ‘ಹಮ್ ಮಾಫೀ ಚಾಹತೇ ಹೈಂ’ ಎನ್ನುವುದನ್ನು ಕೇಳಬಹುದು.

ನನ್ನ ಅಡ್ಡದಾರಿ ಹೀಗಿದೆ: ಮಾತಿನ ಕರ್ತೃವಾಗಿ ನಾನು ನಿಲ್ಲದ ವಾಕ್ಯಗಳನ್ನೇ ಆರಿಸಿಕೊಳ್ಳುವುದು. ‘ಮಾಫ್ ಕೀಜಿಯೇ’, ‘ಮುಝಸೇ ಗಲತೀ ಹೋ ಗಯೀ’, ‘ಮೇರೀ ವಜಹ ಸೇ ಆಪಕೋ ತಕಲೀಫ್ ಹುಯೀ’. ಇಲ್ಲಿ ಕ್ರಿಯಾಪದ ನನ್ನ ಲಿಂಗವನ್ನು ನೋಡುವುದೇ ಇಲ್ಲ, ‘ಗಲತೀ’, ‘ತಕಲೀಫ್’ಗಳ ಲಿಂಗವನ್ನು ನೋಡುತ್ತದೆ. ನಮಗೆ ಇವೆಲ್ಲ ನಪುಂಸಕ. ಹಿಂದಿಯಲ್ಲಿ ನಪುಂಸಕವೇ ಇಲ್ಲ. ಆದರೆ ಕ್ಷಮೆಯ ಮಾತಿನಲ್ಲಿ ಬರುವ ನಾಮಪದಗಳು ಬಹುಪಾಲು ಸ್ತ್ರೀಲಿಂಗ: ಗಲತೀ, ಭೂಲ್, ಚೂಕ್, ದೇರ್, ತಕಲೀಫ್, ಪರೇಶಾನೀ, ಅಸುವಿಧಾ, ಮಾಫೀ, ಕ್ಷಮಾ. ಆದ್ದರಿಂದ ‘ಹುಯೀ’, ‘ಗಯೀ’, ‘ಮೇರೀ’, ‘ಥೋಡೀ’ ಎಂದು ಈಕಾರದಲ್ಲಿ ಮುಗಿಸಿದರೆ ಹೆಚ್ಚಿನ ಸಲ ಸರಿಯಾಗಿರುತ್ತದೆ: ‘ಮಾಫ್ ಕೀಜಿಯೇಗಾ, ಮುಝೇ ಆನೇ ಮೇಂ ಥೋಡೀ ದೇರ್ ಹೋ ಗಯೀ’. ಪುಲ್ಲಿಂಗದವು ಕೆಲವೇ: ಕಷ್ಟ್, ದುಃಖ್, ಖೇದ್, ಅಫ್ಸೋಸ್, ನುಕ್ಸಾನ್, ಕಸೂರ್. ‘ಆಪಕೋ ತಕಲೀಫ್ ಹುಯೀ’, ಆದರೆ ‘ಆಪಕೋ ಕಷ್ಟ್ ಹುವಾ’. ಎರಡನೇ ಪಟ್ಟಿಯನ್ನಷ್ಟೇ ನೆನಪಿಟ್ಟುಕೊಳ್ಳಿ.

ಉಳಿದವು

‘ಖೇದ್ ಹೈ’ ಸಂಸ್ಥೆಗಳ ಮಾತು. ರೈಲು ತಡವಾದಾಗ ‘ಅಸುವಿಧಾ ಕೇ ಲಿಯೇ ಹಮೇಂ ಖೇದ್ ಹೈ’ ಎನ್ನುತ್ತಾರಲ್ಲ, ಅದೇ, ನಮ್ಮ ‘ವಿಷಾದಿಸುತ್ತೇವೆ’. ಸಾವಿನ ಸುದ್ದಿ ಕೇಳಿದಾಗ ಇಂಗ್ಲಿಷಿನ ‘ಸಾರಿ’ಯನ್ನು ‘ಮಾಫೀ’ಯಾಗಿಸಬೇಡಿ. ‘ಸುನಕರ್ ಬಹುತ್ ದುಃಖ್ ಹುವಾ’ ಎನ್ನಬೇಕು.

‘ಮಾಫ್ ಕರೋ’ ಎಂಬುದನ್ನು ಬೇಡಲು ಬಂದವರನ್ನು ಮುಂದೆ ಕಳುಹಿಸಲು ಬಳಸುತ್ತಾರೆ, ನಮ್ಮ ‘ಮುಂದೆ ಹೋಗಪ್ಪ’ದ ಹಾಗೆ. ಅದೇ ಧಾಟಿಯಲ್ಲಿ ಬೇರೆಯವರಿಗೆ ಹೇಳಿದರೆ ‘ನನ್ನ ಪಾಡಿಗೆ ನನ್ನನ್ನು ಬಿಡು’ ಎಂದಂತಾಗುತ್ತದೆ. ಅಪ್ರಿಯವಾದದ್ದನ್ನು ಹೇಳುವ ಮೊದಲು ‘ಬುರಾ ಮತ್ ಮಾನಿಯೇಗಾ’, ಅಂದರೆ ‘ಬೇಜಾರು ಮಾಡಿಕೊಳ್ಳಬೇಡಿ’. ಊರು ಬಿಟ್ಟು ಹೊರಡುವಾಗ ‘ಕಹಾ-ಸುನಾ ಮಾಫ್ ಕರನಾ’, ಆಡಿದ ಮಾತುಗಳನ್ನೆಲ್ಲ ಮನ್ನಿಸಿ ಎಂದು. ‘ಜಾನೇ-ಅನಜಾನೇ ಮೇಂ ಕೋಯೀ ಭೂಲ್ ಹುಯೀ ಹೋ ತೋ ಕ್ಷಮಾ ಕರೇಂ’ ಎಂಬುದು ನಮ್ಮ ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ’ಯ ಪಡಿಯಚ್ಚು, ಜೈನರ ಕ್ಷಮಾವಣಿಯ ದಿನ ಹಿಂದಿಯಲ್ಲಿ ಬರುವ ಸಂದೇಶಗಳಲ್ಲಿ ಇದನ್ನು ಕಾಣಬಹುದು. ಯಾರಿಗಾದರೂ ಕಾಲು ತಾಗಿದಾಗ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿ ಹಿಂದಿಯವರಲ್ಲೂ ಇದೆ, ಅದಕ್ಕೆ ಮಾತು ಬೇಕಿಲ್ಲ.

ಎದುರಿನವರು ಕ್ಷಮೆ ಕೇಳಿದರೆ ಉತ್ತರ ‘ಕೋಯೀ ಬಾತ್ ನಹೀಂ’. ‘ಅರೇ’ ಸೇರಿಸಿದರೆ ಆತ್ಮೀಯತೆ ಬರುತ್ತದೆ: ‘ಅರೇ, ಕೋಯೀ ಬಾತ್ ನಹೀಂ’. ಹಿರಿಯರು ನಿಮ್ಮಲ್ಲಿ ಕ್ಷಮೆ ಕೇಳಿದಾಗ ಅಷ್ಟು ಸಾಲದು. ಆಗ ‘ಆಪ್ ಮುಝೇ ಶರ್ಮಿಂದಾ ಮತ್ ಕೀಜಿಯೇ’ ಎನ್ನಿ, ‘ನೀವು ಹಾಗೆಲ್ಲ ಹೇಳಿ ನನ್ನನ್ನು ಮುಜುಗರಕ್ಕೆ ಒಳಪಡಿಸಬೇಡಿ’ ಎಂದು. ಇಲ್ಲಿಯೂ ‘ಮುಝೇ’ಯೇ, ಏಕೆಂದರೆ ಕನ್ನಡದಲ್ಲಿ ‘ನನ್ನನ್ನು’.