ಎಡಿಎಚ್‌ಡಿ ಮತ್ತು ಮುಪ್ಪಿನ ಡಿಮೆನ್ಷಿಯಾ: ‘ಯಾವಾಗಿನಿಂದ?’ ಎಂದು ಕೇಳುವುದು ಏಕೆ ಮುಖ್ಯ

ಎಡಿಎಚ್‌ಡಿಯನ್ನು (ಗಮನಹೀನತೆ ಮತ್ತು ಅತಿಚಟುವಟಿಕೆಯ ತೊಂದರೆ) ವೈದ್ಯಕೀಯ ಪಠ್ಯದಲ್ಲಿ ನಾವು ಮಕ್ಕಳ ಮನೋವೈದ್ಯಕೀಯದ ಅಧ್ಯಾಯದಲ್ಲಿ ಓದುತ್ತೇವೆ, ಡಿಮೆನ್ಷಿಯಾವನ್ನು (ಮರೆವಿನ ಕಾಯಿಲೆ) ವೃದ್ಧರ ಅಧ್ಯಾಯದಲ್ಲಿ. ಇವೆರಡರ ನಡುವೆ ನಂಟಿದೆಯೇ ಎಂಬ ಪ್ರಶ್ನೆಗೆ ಈಗ ದೊಡ್ಡ ಅಧ್ಯಯನಗಳಿವೆ. ನಂಟು ಕಾಣುತ್ತದೆ ಎಂದು ಧೈರ್ಯವಾಗಿ ಬರೆಯಬಹುದು. ಆದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಬರೆಯುವ ಮೊದಲು, ಲಕ್ಷಣಗಳು ಯಾವ ವಯಸ್ಸಿನಲ್ಲಿ ಶುರುವಾದವು ಎಂಬುದನ್ನು ನೋಡಲೇಬೇಕು.

ಹೆಚ್ಚು ಉಲ್ಲೇಖವಾಗುವುದು 2023ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನ. 1933ರಿಂದ 1952ರ ನಡುವೆ ಹುಟ್ಟಿದ 1,09,218 ಜನರ ವೈದ್ಯಕೀಯ ದಾಖಲೆಗಳನ್ನು 2003ರಿಂದ 2020ರವರೆಗೆ ಅನುಸರಿಸಲಾಯಿತು. ಎಡಿಎಚ್‌ಡಿ ಎಂದು ದಾಖಲಾದ 730 ಜನರಲ್ಲಿ 96 ಜನರಿಗೆ, ಅಂದರೆ ಶೇ. 13.2 ಮಂದಿಗೆ ಡಿಮೆನ್ಷಿಯಾ ಬಂತು. ಉಳಿದವರಲ್ಲಿ ಆ ಪ್ರಮಾಣ ಶೇ. 7. ವಯಸ್ಸು, ಧೂಮಪಾನ, ಇತರ ಕಾಯಿಲೆಗಳು ಮುಂತಾದ 18 ಅಂಶಗಳನ್ನು ಸರಿದೂಗಿಸಿದ ಮೇಲೆ ಅಪಾಯದ ಅನುಪಾತ 2.77 ಬಂತು, ಅಂದರೆ ಎಡಿಎಚ್‌ಡಿ ದಾಖಲಾದವರಲ್ಲಿ ಅಪಾಯ ಉಳಿದವರ 2.77 ಪಟ್ಟು. ಪರೀಕ್ಷೆಯಲ್ಲಿ ಈ ಒಂದೇ ಅಂಕಿಯನ್ನು ಬರೆದು ಮುಂದೆ ಹೋಗಬೇಡಿ. ಎಡಿಎಚ್‌ಡಿ ಇದ್ದ 730 ಜನರಲ್ಲಿ 634 ಮಂದಿಗೆ ಆ ಅವಧಿಯಲ್ಲಿ ಡಿಮೆನ್ಷಿಯಾ ದಾಖಲಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ, ಮತ್ತು ಭಯಗೊಂಡು ಕೇಳುವ ರೋಗಿಗೆ ಹೇಳಬೇಕಾದದ್ದು ಅದನ್ನೇ.

ಅಧ್ಯಯನದ ಆರಂಭದಲ್ಲಿ ಇವರಲ್ಲಿ ಯಾರಿಗೂ ಎಡಿಎಚ್‌ಡಿ ದಾಖಲಾಗಿರಲಿಲ್ಲ, ಆಗ ಅವರ ವಯಸ್ಸು ಸುಮಾರು 51ರಿಂದ 70. ಹಾಗಾದರೆ ಆ 730 ಜನರು ಇಳಿವಯಸ್ಸಿನಲ್ಲಿ ಮೊದಲ ಬಾರಿ ಗುರುತಿಸಲ್ಪಟ್ಟವರು. ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ ಎಡಿಎಚ್‌ಡಿಯ ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಅರವತ್ತರಲ್ಲಿ ಹೊಸದಾಗಿ ಶುರುವಾದ ಗಮನಹೀನತೆಯು ಡಿಮೆನ್ಷಿಯಾದ ಮುನ್ಸೂಚನೆಯೇ ಆಗಿರಬಹುದು, ಆಗ ಕಾರಣ ಮತ್ತು ಪರಿಣಾಮ ಅದಲುಬದಲಾಗುತ್ತವೆ. ಸಂಶೋಧಕರು ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು. ಅದರ ಪ್ರಭಾವ ಸ್ವಲ್ಪ ಮಾತ್ರ ಎಂದು ಕಂಡಿತು.

ನಮ್ಮ ಭಾಗದ ಒಪಿಡಿಯಲ್ಲಿ ‘ಯಾವಾಗಿನಿಂದ?’ ಎಂಬ ಈ ಪ್ರಶ್ನೆ ಎಷ್ಟು ಸೂಕ್ಷ್ಮ ಎಂಬುದನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಾಗಲಿ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಾಗಲಿ ಪೂರ್ವೇತಿಹಾಸ ಬರೆದುಕೊಳ್ಳುವಾಗ ನೆನಪಿಡಬೇಕು. ನವಲಗುಂದದ ಕಡೆಯಿಂದ ಎಪ್ಪತ್ತರ ಹಿರಿಯರೊಬ್ಬರನ್ನು ಮಗ ಮತ್ತು ಸೊಸೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳೋಣ. “ಮಾವಾರು ಮೊದಲಿಂದನೂ ಹಿಂಗ ಅದಾರ್ರೀ, ಚಾವಿ ಎಲ್ಲಿಟ್ಟೀನಿ ಅಂತ ದಿನಾ ಹುಡುಕ್ತಾರ” ಎಂದು ಸೊಸೆ ಹೇಳಿದರೆ ಅದನ್ನು ಬಾಲ್ಯದ ಲಕ್ಷಣ ಎಂದು ಬರೆದುಕೊಳ್ಳುವಂತಿಲ್ಲ, ಏಕೆಂದರೆ ಆಕೆಗೆ ಗೊತ್ತಿರುವುದು ತಾನು ಮದುವೆಯಾಗಿ ಬಂದ ನಂತರದ ಮಾವ ಮಾತ್ರ. ಕೇಳಬೇಕಾದದ್ದು ಹಿರಿಯರ ಅಕ್ಕನನ್ನೋ ಅಣ್ಣನನ್ನೋ, ಫೋನಿನಲ್ಲಾದರೂ ಸರಿ: ಸಾಲಿಯಲ್ಲಿ ಪಾಟಿ, ಕಡ್ಡಿ ಪದೇ ಪದೇ ಕಳೆದುಕೊಳ್ಳುತ್ತಿದ್ದರೇ, ಕೂತಲ್ಲಿ ಕೂರದೆ ಮಾಸ್ತರರಿಂದ ಏಟು ತಿನ್ನುತ್ತಿದ್ದರೇ, ಹೊಲದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬರುತ್ತಿದ್ದರೇ? ಉತ್ತರ ‘ಇಲ್ಲ, ಭಾಳ ಚುರುಕಿದ್ದ, ಈಗೆರಡು ವರ್ಷದಿಂದ ಹೀಗಾಗಿದೆ’ ಎಂದಾದರೆ ಎಡಿಎಚ್‌ಡಿಯ ಯೋಚನೆಯನ್ನು ಬದಿಗಿಟ್ಟು ಡಿಮೆನ್ಷಿಯಾ, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವುಗಳ ಕಡೆ ನೋಡಬೇಕು.

ಸ್ವೀಡನ್ನಿನ 2021ರ ಎರಡು ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತವೆ. 1932ರಿಂದ 1963ರ ನಡುವೆ ಹುಟ್ಟಿದ ಸುಮಾರು 36 ಲಕ್ಷ ಜನರನ್ನು ನೋಡಿದಾಗ ಅನುಪಾತ ಮೊದಲು 2.92 ಇತ್ತು; ಇತರ ಮಾನಸಿಕ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ 1.62ಕ್ಕೆ ಇಳಿಯಿತು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಇಳಿಕೆ, ಏಕೆಂದರೆ ಎಡಿಎಚ್‌ಡಿಯ ಜೊತೆಗೆ ಬರುವ ಖಿನ್ನತೆ ಮತ್ತು ವ್ಯಸನಗಳು ಅಪಾಯದ ದೊಡ್ಡ ಪಾಲನ್ನು ಹೊತ್ತಿರಬಹುದು, ಮತ್ತು ಅವುಗಳಿಗೆ ಚಿಕಿತ್ಸೆಯಿದೆ. ಎರಡನೆಯದು ಕುಟುಂಬಗಳ ಅಧ್ಯಯನ: ಎಡಿಎಚ್‌ಡಿ ಇರುವವರ ತಂದೆತಾಯಿಯರಲ್ಲಿ ಡಿಮೆನ್ಷಿಯಾದ ಅಪಾಯ ಶೇ. 34 ಹೆಚ್ಚಿತ್ತು, ಅಜ್ಜ-ಅಜ್ಜಿಯರಲ್ಲಿ ಅಂತರ ಕಡಿಮೆಯಿತ್ತು. ರಕ್ತಸಂಬಂಧ ದೂರವಾದಂತೆ ಅಪಾಯವೂ ತಗ್ಗುವುದು ಅನುವಂಶೀಯತೆಯ ಪಾತ್ರವನ್ನು ಸೂಚಿಸುತ್ತದೆ, ಆದರೆ ಒಂದೇ ಮನೆಯ ಪರಿಸರವನ್ನು ಅದು ಪೂರ್ತಿ ತಳ್ಳಿಹಾಕುವುದಿಲ್ಲ.

ಮೆದುಳಿನ ನರಕೋಶಗಳಲ್ಲಿ ಪ್ರೋಟೀನ್ ಉಂಡೆಗಳು ಸೇರುವ ಲೂಯಿ ಬಾಡಿ ಡಿಮೆನ್ಷಿಯಾದ ಬಗ್ಗೆ ಬ್ಯೂನಸ್ ಐರಿಸ್‌ನ 2011ರ ಅಧ್ಯಯನದಲ್ಲಿ ಆ ರೋಗಿಗಳ ಪೈಕಿ ಶೇ. 47.8 ಮಂದಿಗೆ ಹಿಂದೆ ಎಡಿಎಚ್‌ಡಿಯ ಲಕ್ಷಣಗಳಿದ್ದವು, ಆಲ್‌ಝೈಮರ್ ರೋಗಿಗಳಲ್ಲಿ ಶೇ. 15.2. ಮೆದುಳಿನ ಸಂದೇಶವಾಹಕ ರಾಸಾಯನಿಕಗಳಾದ ಡೋಪಮೈನ್ ಮತ್ತು ನಾರ್‌ಅಡ್ರಿನಾಲಿನ್ ವ್ಯವಸ್ಥೆಗಳು ಎಡಿಎಚ್‌ಡಿ, ಲೂಯಿ ಬಾಡಿ ಡಿಮೆನ್ಷಿಯಾ ಎರಡರಲ್ಲೂ ಏರುಪೇರಾಗುವುದರಿಂದ ಇದು ಜೈವಿಕವಾಗಿ ಸಾಧ್ಯ. ಆದರೆ ಹಳೆಯ ಲಕ್ಷಣಗಳನ್ನು ಅಲ್ಲಿಯೂ ದಶಕಗಳ ನಂತರ ನೆನಪಿನಿಂದಲೇ ಸಂಗ್ರಹಿಸಲಾಗಿತ್ತು.

ಔಷಧಿಗಳ ವಿಷಯದಲ್ಲಿ ಪುರಾವೆ ಎರಡೂ ಕಡೆ ಎಳೆಯುತ್ತದೆ. ಇಸ್ರೇಲಿನಲ್ಲಿ ಉತ್ತೇಜಕ ಔಷಧಿ ಪಡೆದ ಎಡಿಎಚ್‌ಡಿ ರೋಗಿಗಳಲ್ಲಿ ಅಪಾಯ ಸ್ಪಷ್ಟವಾಗಿ ಹೆಚ್ಚಿರಲಿಲ್ಲ. ಅಮೆರಿಕದ ಯೂಟಾದ 2018ರ ಅಧ್ಯಯನದಲ್ಲಿ ಪಾರ್ಕಿನ್‌ಸನ್‌ನಂತಹ ಚಲನೆಯ ಕಾಯಿಲೆಗಳ ಅಪಾಯ ಎಡಿಎಚ್‌ಡಿ ಇರುವವರಲ್ಲಿ 2.4 ಪಟ್ಟು ಇದ್ದರೆ, ಔಷಧಿ ಪಡೆದ 21ರಿಂದ 49ರ ವಯಸ್ಸಿನವರಲ್ಲಿ 8.6 ಪಟ್ಟು ಇತ್ತು. ತೀವ್ರವಾದ ಎಡಿಎಚ್‌ಡಿ ಇರುವವರಿಗೇ ಔಷಧಿ ಬರೆದುಕೊಡುವ ಸಾಧ್ಯತೆ ಹೆಚ್ಚಾದ್ದರಿಂದ ದೋಷ ಔಷಧಿಯದೋ ಕಾಯಿಲೆಯದೋ ಎಂಬುದು ಇಂತಹ ದಾಖಲೆಗಳಿಂದ ತೀರ್ಮಾನವಾಗುವುದಿಲ್ಲ. ಹಾಗಾಗಿ ಮಾತ್ರೆಯಿಂದ ಮರೆವು ಬರುತ್ತದೆ ಎಂದಾಗಲಿ, ಮಾತ್ರೆ ಮರೆವನ್ನು ತಡೆಯುತ್ತದೆ ಎಂದಾಗಲಿ ರೋಗಿಗೆ ಹೇಳಬಾರದು. ವಯಸ್ಸಾದವರಿಗೆ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧಿ ಶುರುಮಾಡುವ ಮೊದಲು ಮತ್ತು ಆನಂತರವೂ ರಕ್ತದೊತ್ತಡ, ನಾಡಿಬಡಿತ ನೋಡುವುದಂತೂ ತಪ್ಪಬಾರದು.