ಜಾಮೀನು ಆಗಿದೆ, ಆದರೂ ಬಿಟ್ಟಿಲ್ಲ: ಜೈಲಿನ ಕಂಪ್ಯೂಟರಿನಲ್ಲಿ ಹೆಸರು ಸರಿ ಉಂಟಾ?

ಜಾಮೀನು ಆದ ಕೂಡಲೇ ಮನುಷ್ಯ ಮನೆಗೆ ಬರುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಸರಗೋಡಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನ್ನಂಥವರಿಗೆ ಸಂಜೆ ಹೊತ್ತು ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ. "ವಕೀಲ್ರೇ, ಕೋರ್ಟಿನ ಆ್ಯಪಿನಲ್ಲಿ ಜಾಮೀನು ಅಂತ ತೋರಿಸ್ತಾ ಉಂಟು. ಜೈಲಿನವರು ಬಿಡುದಿಲ್ಲ ಅಂತಾರೆ. ಎಂತ ಇದು?" ದುಬೈಯಿಂದ ಅಣ್ಣ ಕೇಳುತ್ತಾನೆ, ಬದಿಯಡ್ಕದಿಂದ ಅಮ್ಮ ಕೇಳುತ್ತಾರೆ. ಇಬ್ಬರಿಗೂ ಜೈಲಿನವರ ಮೇಲೆ ಸಿಟ್ಟು.

ಇಂಥವರಿಗೆ ನಾನು ಮೊದಲು ಹೇಳುವುದು ಇಷ್ಟು. ಜಾಮೀನು ಕೊಡುವುದು ಕೇಸಿಗೆ. ಜೈಲಿನಿಂದ ಬಿಡುವುದು ಮನುಷ್ಯನನ್ನು. ಒಬ್ಬನ ಮೇಲೆ ಮಂಜೇಶ್ವರದಲ್ಲಿ ಒಂದು ಕೇಸು, ಗಡಿ ದಾಟಿದರೆ ಮಂಗಳೂರಿನಲ್ಲಿ ಇನ್ನೊಂದು ಕೇಸು ಇದೆ ಅನ್ನಿ. ಮಂಗಳೂರಿನ ಕೋರ್ಟಿನಿಂದ ಬಾಡಿ ವಾರಂಟ್, ಅಂದರೆ ಜೈಲಿನಲ್ಲಿ ಇರುವವನನ್ನು ನಮ್ಮ ಮುಂದೆ ಹಾಜರುಪಡಿಸಿ ಅನ್ನುವ ಆದೇಶ, ಬಂದು ಕೂತಿದ್ದರೆ, ಮಂಜೇಶ್ವರದ ಕೇಸಿನಲ್ಲಿ ಜಾಮೀನು ಆದರೂ ಜೈಲಿನ ಸೂಪರಿಂಟೆಂಡೆಂಟ್ ಸಾಮಾನ್ಯವಾಗಿ ಅವನನ್ನು ಹೊರಗೆ ಬಿಡುವುದಿಲ್ಲ. ಇದನ್ನು ವಿವರಿಸಿದರೆ ಜನರಿಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಮುಂದಿನದ್ದು. ಈ ಎರಡು ಕೇಸಿನ ಆರೋಪಿ ಒಬ್ಬನೇ ಅಂತ ಜೈಲಿನವರಿಗೆ ಗೊತ್ತಾಗುವುದು ಹೇಗೆ?

ಹೆಸರಿನಿಂದ, ತಂದೆಯ ಹೆಸರಿನಿಂದ, ವಿಳಾಸದಿಂದ. ಜೈಲಿಗೆ ಬಂದ ದಿನ ಫೋಟೋ ತೆಗೆಯುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಮೈಮೇಲಿನ ಮಚ್ಚೆ ಗಾಯದ ಗುರುತು ಬರೆದುಕೊಳ್ಳುತ್ತಾರೆ, ಎಲ್ಲ ನಿಜ. ಆದರೆ ಬೇರೆ ಕೋರ್ಟಿನಿಂದ ಬರುವ ಕಾಗದದಲ್ಲಿ ಬೆರಳಚ್ಚು ಇರುವುದಿಲ್ಲ, ಹೆಸರು ಇರುತ್ತದೆ. ಜೈಲಿನ ಕಚೇರಿಯಲ್ಲಿ ಕೂತವರು ಆ ಹೆಸರನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ಹುಡುಕುತ್ತಾರೆ. ಸಿಕ್ಕಿದರೆ ಸಿಕ್ಕಿತು. ಪೊಲೀಸರದ್ದು ಸಿಸಿಟಿಎನ್‌ಎಸ್, ಕೋರ್ಟಿನದ್ದು ಇ-ಕೋರ್ಟ್ಸ್, ಜೈಲಿನದ್ದು ಎನ್‌ಐಸಿ ಮಾಡಿಕೊಟ್ಟ ಈ ಇ-ಪ್ರಿಸನ್ಸ್, ಮೂರನ್ನೂ ಜೋಡಿಸುವುದಕ್ಕೆ ಐಸಿಜೆಎಸ್ ಅಂತ ಇನ್ನೊಂದು. ವ್ಯವಸ್ಥೆ ಒಳ್ಳೆಯದೇ. ಹಳೇ ರಿಜಿಸ್ಟರಿನ ಕಾಲಕ್ಕೆ ವಾಪಸ್ ಹೋಗಬೇಕು ಅಂತ ನಾನಂತೂ ಹೇಳುವುದಿಲ್ಲ. ಆದರೆ ಒಳಗೆ ಏನು ಬರೆದಿದ್ದೇವೋ ಅದೇ ಹೊರಗೆ ಬರುವುದು.

ನಮ್ಮ ಜಿಲ್ಲೆಯಲ್ಲಿ ಈ ಹೆಸರಿನ ತೊಂದರೆ ಬೇರೆ ಕಡೆಗಿಂತ ಜಾಸ್ತಿ. ಮನೆಯಲ್ಲಿ ತುಳು ಅಥವಾ ಕನ್ನಡ, ಸ್ಟೇಷನ್ನಿನಲ್ಲಿ ಎಫ್‌ಐಆರ್ ಮಲಯಾಳದಲ್ಲಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಐತಪ್ಪ ಅಂತ ಒಬ್ಬರು ಇದ್ದಾರೆ ಅನ್ನಿ. ಇಂಗ್ಲಿಷಿನಲ್ಲಿ ಸ್ಟೇಷನ್ನಿನ ಒಬ್ಬ ರೈಟರ್ ಅದನ್ನು 'ಎ' ಅಕ್ಷರದಿಂದ ಶುರು ಮಾಡುತ್ತಾರೆ, ಇನ್ನೊಬ್ಬರು 'ಐ' ಅಕ್ಷರದಿಂದ. ಕೃಷ್ಣ ಇದ್ದವನು ಮಲಯಾಳದಲ್ಲಿ ಕೃಷ್ಣನ್ ಆಗುತ್ತಾನೆ. ತಂದೆಯ ಹೆಸರು ಬರೆಯುವ ಜಾಗದಲ್ಲಿ ಮನೆಹೆಸರು ಬಂದು ಕೂರುತ್ತದೆ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದು ಪಿಂಚಣಿ ಹಣ ಬಾರದೆ ಅಲೆದವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರಲ್ವಾ, ಅದೇ ಕಥೆ ಇಲ್ಲಿ ಜೈಲಿನ ಒಳಗೆ ನಡೆಯುತ್ತದೆ.

ಮುಳ್ಳೇರಿಯ ಕಡೆಯ ಒಬ್ಬ ಕೂಲಿ ಕೆಲಸದವನ ಕೇಸು ನನ್ನ ಹತ್ತಿರ ಬಂತು. ಗುರುತು ಸಿಗಬಾರದು ಅಂತ ವಿವರ ಕಡಿಮೆ ಮಾಡುತ್ತೇನೆ. ಕಳವಿನ ಕೇಸಿನಲ್ಲಿ ರಿಮಾಂಡ್ ಆಗಿ ಒಳಗಿದ್ದ. ಅದಕ್ಕಿಂತ ಹಳೆಯ ಒಂದು ಹೊಡೆದಾಟದ ಕೇಸು ಬೇರೆ ಕೋರ್ಟಿನಲ್ಲಿತ್ತು. ಅಲ್ಲಿ ಅವನ ಹೆಸರಿನ ಸ್ಪೆಲ್ಲಿಂಗ್ ಬೇರೆ, ತಂದೆಯ ಹೆಸರಿನ ಜಾಗದಲ್ಲಿ ಇದ್ದದ್ದು ಅಜ್ಜನ ಹೆಸರು. ಆ ಕೋರ್ಟಿನಿಂದ ಜೈಲಿಗೆ ವಾರಂಟ್ ಹೋಯಿತು. ಹುಡುಕಿ ನೋಡಿ, ಈ ಹೆಸರಿನ ಕೈದಿ ಇಲ್ಲಿ ಇಲ್ಲ ಅಂತ ವಾಪಸ್ ಕಳಿಸಿದರು. ಜೈಲಿನವರು ಸುಳ್ಳು ಹೇಳಲಿಲ್ಲ, ಅವರಿಗೆ ಕಂಡದ್ದೇ ಹಾಗೆ. ಅಲ್ಲಿ ಅವನು ತಲೆಮರೆಸಿಕೊಂಡವನು ಅಂತ ದಾಖಲಾಯಿತು. ಸರಕಾರದ ಗೋಡೆಯ ಒಳಗೇ, ಸರಕಾರದ ಅನ್ನ ತಿಂದುಕೊಂಡು ಇದ್ದವನು ತಲೆಮರೆಸಿಕೊಂಡವನು! ಕಳವಿನ ಕೇಸಿನಲ್ಲಿ ಜಾಮೀನು ಆಗಿ ಹೊರಗೆ ಕಾಲಿಡುವಾಗ ಹಳೇ ಕೇಸಿನ ವಾರಂಟ್ ಹಿಡಿದು ಪೊಲೀಸರು ನಿಂತಿದ್ದರು. ತಾಯಿ ಅವನಿಗೆ ಹೊಸ ಅಂಗಿ ತಂದಿದ್ದರು. ಅದು ಚೀಲದಲ್ಲೇ ಉಳಿಯಿತು.

ಇದರಲ್ಲಿ ಆದ ನಷ್ಟ ಬರೀ ಆ ಒಂದು ದಿನದ್ದಲ್ಲ. ಎರಡನೇ ಕೇಸಿನಲ್ಲಿ ಬಂಧನ ದಾಖಲಾಗುವವರೆಗೆ ಒಳಗೆ ಕಳೆದ ದಿನಗಳು ಸಾಮಾನ್ಯವಾಗಿ ಆ ಕೇಸಿನ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಶಿಕ್ಷೆ ಆದರೆ, ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು ಅಂತ ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನಾದ ಬಿಎನ್‌ಎಸ್‌ಎಸ್‌ನ 468ನೇ ಸೆಕ್ಷನ್ ಹೇಳುತ್ತದೆ, ಆದರೆ ಅದು ಅದೇ ಕೇಸಿನ ದಿನಗಳಿಗೆ. ಹೆಸರು ಸರಿ ಇದ್ದಿದ್ದರೆ ಮೊದಲೇ ಹಾಜರುಪಡಿಸಿ, ಎರಡೂ ಕೇಸುಗಳ ದಿನ ಒಟ್ಟಿಗೆ ಓಡುತ್ತಿತ್ತು.

ಅದೇ ಕಾನೂನಿನ 479ನೇ ಸೆಕ್ಷನ್ ಇನ್ನೊಂದು. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಅವರ ಬಿಡುಗಡೆಗೆ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲು ಸೂಪರಿಂಟೆಂಡೆಂಟರೇ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಮೂರು ವರ್ಷ ಶಿಕ್ಷೆಯ ಕಳವು ಅಂದರೆ ಒಬ್ಬನಿಗೆ ಒಂದು ವರ್ಷ, ಇನ್ನೊಬ್ಬನಿಗೆ ಒಂದೂವರೆ. ಈ ಪಟ್ಟಿ ಮಾಡುವುದು ಕಂಪ್ಯೂಟರಿನಲ್ಲಿ ಇರುವ ಸೆಕ್ಷನ್, ಬಂದ ತಾರೀಕು, ಹಿಂದಿನ ಶಿಕ್ಷೆ, ಇಷ್ಟನ್ನು ನೋಡಿಕೊಂಡು. ಹಳೇ ಕೇಸು ಇದೆ ಅನ್ನುವುದು ಬೇರೆ, ಹಿಂದೆ ಶಿಕ್ಷೆ ಆಗಿದೆ ಅನ್ನುವುದು ಬೇರೆ. ಎಂದೂ ಶಿಕ್ಷೆ ಆಗದವನೇ ಕಾನೂನಿನ ಕಣ್ಣಿಗೆ ಮೊದಲ ಬಾರಿಯವನು. ಇವೆರಡನ್ನು ಬೆರೆಸಿ ಬರೆದರೆ ಒಬ್ಬ ಬಡವನ ಆರು ತಿಂಗಳು ಹೋಯಿತು. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ 479ರ ದಾರಿ ಬೇರೆ, ಅದನ್ನು ನಿಮ್ಮ ಕೇಸು ನೋಡುವ ವಕೀಲರ ಹತ್ತಿರವೇ ಕೇಳಿ. ಇಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ.

ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಕೊಟ್ಟ ನಿರ್ದೇಶನ ನಮ್ಮ ಕಡೆಯವರಿಗೆ ತುಂಬ ಉಪಯೋಗದ್ದು. ಜಾಮೀನು ಆದೇಶವನ್ನು ಕೋರ್ಟು ಅದೇ ದಿನ ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು. ಜಾಮೀನು ಆದ ತಾರೀಕನ್ನು ಸೂಪರಿಂಟೆಂಡೆಂಟ್ ಇ-ಪ್ರಿಸನ್ಸ್‌ನಲ್ಲಿ ಹಾಕಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಬಿಡುಗಡೆ ತಡವಾಗುವುದಕ್ಕೆ ಸ್ಥಳೀಯ ಜಾಮೀನುದಾರರೇ ಬೇಕು ಅನ್ನುವ ಷರತ್ತೂ ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದೆ ಇರಬಹುದು ಅಂತಲೂ ಹೇಳಿದೆ. ವಿಟ್ಲದ ಹುಡುಗ ಕುಂಬಳೆಯಲ್ಲಿ ಸಿಕ್ಕಿಬಿದ್ದರೆ ಜಾಮೀನು ನಿಲ್ಲಲು ಭೂಮಿಯ ತೀರ್ವೆ ರಸೀದಿ ಹಿಡಿದು ಬರುವ ಮಾವ ಗಡಿಯ ಆಚೆ ಇರುತ್ತಾನೆ, ಹಾಗಾಗಿ ಇದು ನಮಗೆ ದೊಡ್ಡ ಮಾತು.

ಹಾಗಾದರೆ ಮನೆಯವರು ಮಾಡಬೇಕಾದ್ದು ಏನು? ರಿಮಾಂಡ್ ಆದ ದಿನವೇ ವಕೀಲರ ಕೈಗೆ ರೇಷನ್ ಕಾರ್ಡಿನದ್ದೋ ಆಧಾರಿನದ್ದೋ ಪ್ರತಿ ಕೊಡಿ. ಕೋರ್ಟು ಜೈಲಿಗೆ ಕಳಿಸುವ ರಿಮಾಂಡ್ ವಾರಂಟಿನಲ್ಲಿ ಹೆಸರು, ತಂದೆ ಹೆಸರು ಹಾಗೇ ಇದೆಯಾ ಅಂತ ನೋಡಲು ಹೇಳಿ. ಹಳೇ ಕೇಸು ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟವರ ಮಗನೇ ಜಾಸ್ತಿ ದಿನ ಒಳಗೆ ಇರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಮೊದಲ ಸಲ ಜೈಲಿಗೆ ನೋಡಲು ಹೋದಾಗ ಕಚೇರಿಯಲ್ಲಿ ನಿಂತು, ಹೆಸರು ಹೇಗೆ ಬರೆದಿದೆ, ಎಷ್ಟು ಕೇಸು ಕಾಣಿಸುತ್ತದೆ, ಓದಿ ಹೇಳಿ ಸರ್ ಅಂತ ಕೇಳಿ. ಸ್ಕ್ರೀನ್ ತೋರಿಸಿ ಅಂತ ಜಗಳ ಬೇಡ. ಮೆಲ್ಲಗೆ ಕೇಳಿದರೆ ಹೆಚ್ಚಿನವರು ಓದಿ ಹೇಳುತ್ತಾರೆ, ಅವರಿಗೂ ತಪ್ಪು ಬೇಕಾಗಿಲ್ಲ. ಮಲಯಾಳ ಓದಲು ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ.

ತಪ್ಪು ಕಂಡರೆ ಜೈಲಿನವರು ತಾವಾಗಿ ತಿದ್ದುವುದಿಲ್ಲ, ವಾರಂಟಿನಲ್ಲಿ ಇರುವ ಹೆಸರನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಆ ವಾರಂಟ್ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬೇಕು. ಪೂರ್ತಿ ತಿದ್ದಲು ತಡವಾಗುವುದಾದರೆ ಎರಡೂ ಹೆಸರನ್ನು 'ಅಲಿಯಾಸ್' ಅಂತ ಸೇರಿಸಲು ಕೇಳಿಕೊಳ್ಳಬಹುದು, ಹುಡುಕುವಾಗ ಯಾವುದಾದರೂ ಒಂದು ಸಿಗುತ್ತದೆ. ವಕೀಲರಿಗೆ ಕೊಡಲು ಹಣ ಇಲ್ಲದವರು 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಫೋನ್ ಮಾಡುವಾಗ ಕ್ರೈಮ್ ನಂಬರ್, ಸ್ಟೇಷನ್ನಿನ ಹೆಸರು, ಅರೆಸ್ಟ್ ಆದ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿ ಇಟ್ಟುಕೊಳ್ಳಿ.